ಹೊನ್ನಿಯನ್ನು ಕಳೆದರೆ ಒಡೆಯುವ ಸಂಖ್ಯೆ

ಕ್ರಿ.ಶ. ೨೬೧೧, ಹದಿಮೂರನೆಯ ತಿಂಗಳ ಮೊದಲ ದಿನ
ಗಣಿಯೂರು, ಕೋಲಾರದ ನೆಲದಡಿ

ಬಿಸಿಲಲ್ಲಿ ಬಾಳಿದ ಹಿರಿಯರಿಗೆ ಲಕ್ಕವ್ವ ಮಾಡುವ ನಮಸ್ಕಾರ.

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ಅವಿಭಾಜ್ಯ ಸಂಖ್ಯೆ ಎನ್ನುತ್ತಿದ್ದುದನ್ನು ನಾವು ಒಡೆಯದೆಣಿಕೆ ಎನ್ನುತ್ತೇವೆ. ನೀವು ಕೋಟಿಗಟ್ಟಲೆ ಅಂಕಿಗಳಿರುವ ಒಡೆಯದೆಣಿಕೆಗಳನ್ನು ಹುಡುಕಿ ಹಿಗ್ಗಿದವರಂತೆ. ನಮ್ಮದು ಬರೀ ಎಂಟು ಸಾವಿರದ ನೂರ ತೊಂಬತ್ತೊಂದು. ಒಂದೊಂದಕ್ಕೂ ಒಂದು ಮುಖವಿರುವುದರಿಂದ ನಮಗೆ ಅದೇ ದೊಡ್ಡದು.

ಹದಿಮೂರು ಎರಡುಗಳನ್ನು ಗುಣಿಸಿ, ಬಂದುದರಲ್ಲಿ ಒಂದನ್ನು ಕಳೆದರೆ ಈ ಸಂಖ್ಯೆ ಸಿಗುತ್ತದೆ. ಗಣಿಯೂರಿನಲ್ಲಿ ಜನ ಇಷ್ಟೇ ಇರಬೇಕು. ಹಿಂದೊಮ್ಮೆ ನೀರಿಗಾಗಿ ಊರು ಸರಿಸಮ ಎರಡು ಪಾಲಾಗಿ ಬಡಿದಾಡಿ, ಯಾರೂ ಸೋಲದೆ, ಬಾವಿಯೇ ಹೆಣದಿಂದ ತುಂಬಿತ್ತಂತೆ. ಅಂದಿನಿಂದ ಈ ಕಟ್ಟಳೆ. ಎರಡಾಗಿ, ಮೂರಾಗಿ, ಐದಾಗಿ, ಏಳಾಗಿ ಪಾಲು ಮಾಡಿ ನೋಡಿ, ಒಬ್ಬರು ಮಿಗುತ್ತಾರೆ. ಆ ಮಿಕ್ಕವರು ಹೇಳಿದ್ದೇ ನ್ಯಾಯ. ಒಬ್ಬರು ಕಡಿಮೆಯಾದರೋ, ಊರು ಬೇಕಾದ ಹಾಗೆ ಸಮನಾಗಿ ಒಡೆಯುತ್ತದೆ. ಅದಕ್ಕೇ ಸತ್ತವರನ್ನು ನಾವು ಲೆಕ್ಕದಿಂದ ಕಳೆಯುವುದಿಲ್ಲ. ಆ ಜಾಗಕ್ಕೆ ಕೂಸೊಂದು ಹುಟ್ಟುವವರೆಗೆ ಅವರು ‘ನಿಂತವರು’. ಅವರಿಗೂ ಊಟಕ್ಕೆ ತಟ್ಟೆ ಇಡುತ್ತೇವೆ. ಬೆಳಗಿನ ಎಣಿಕೆಯಲ್ಲಿ ಅವರ ಹೆಸರು ಕೂಗಿದಾಗ ಮನೆಯವರು ಓಗೊಡಬೇಕು. ಕೂಸು ಹುಟ್ಟಿದ ಮೇಲೆ ಆ ಹೆಸರನ್ನು ಯಾರೂ ಎತ್ತುವಂತಿಲ್ಲ, ಹೆತ್ತವಳೂ.

ನನ್ನ ಕಿರಿಮಗಳು ಹೊನ್ನಿ ಹೋದ ವರ್ಷ ಜ್ವರದಲ್ಲಿ ತೀರಿಕೊಂಡಳು. ಮಹಾ ಸೋಮಾರಿ! ಹೆಸರು ಕೂಗಿದರೆ ಎಲ್ಲರಿಗಿಂತ ತಡವಾಗಿ, ಬಾಯಿತುಂಬ ಮುದ್ದೆ ಇಟ್ಟುಕೊಂಡು, “ಓ, ಇದೀನೀ” ಅನ್ನುವಳು. ಎಷ್ಟು ಬೈದಿದ್ದೇನೋ. ಈಗ ಅವಳ ಬದಲು ನಾನು ಓಗೊಡುತ್ತೇನೆ. ಸ್ವಲ್ಪ ತಡವಾಗಿ, ಸುರಂಗದ ಆ ಕಡೆಯಿಂದ, ಇನ್ನೊಂದು “ಓ” ಬರುತ್ತದೆ. ಪ್ರತಿಧ್ವನಿ ಕಣವ್ವ ಅನ್ನುತ್ತಾರೆ. ನಾನು ಬಾಯೇ ತೆರೆಯದ ದಿನವೂ ಆ “ಓ” ಬಂತಲ್ಲ!

ಹೊನ್ನಿಯ ಜಾಗಕ್ಕೆ ನನ್ನ ಹಿರಿಮಗಳು ದೇವೀರಿಯೇ ಹೆರಬೇಕೆಂದು ಊರಿನ ಅಪ್ಪಣೆಯಾಯಿತು. ಬೆಳಗ್ಗೆಯಿಂದ ಒಳಗೆ ನೋವು ತಿನ್ನುತ್ತಿದ್ದಾಳೆ. ನಾನು ಹೊಸಿಲು ದಾಟದೆ ಹೊರಗೇ ಕೂತು ಇದನ್ನು ಬರೆಯುತ್ತಿದ್ದೇನೆ.

“ಅಮ್ಮಾ, ನನ್ನ ಕೂಸು ನಿಂಗೆ ಬ್ಯಾಡ್ವಾ?” ಎಂದು ಕೂಗಿದಳು.

ಸೂಲಗಿತ್ತಿ ಮಾಳವ್ವ ಗದರಿದಳು: “ಬಾರೇ ಒಳಕ್ಕೆ! ಹೋದೋಳ್ಗೆ ಅಳ್ತಾ ಕೂತ್ಕಂಡು ಇರೋಳ ಕೈ ಬಿಡ್ತೀಯಾ?”

ಬೇಕು, ಆ ಕೂಸು ನನಗೆ ಬೇಕೇ ಬೇಕು. ಆದರೆ ಅದು ಅತ್ತ ಗಳಿಗೆಯಲ್ಲೇ ಹೊನ್ನಿ ಎಲ್ಲಿಯೂ ಇಲ್ಲದವಳಾಗುತ್ತಾಳೆ.

ನಿಮ್ಮನ್ನು ಬೇಡುವುದು ಇಷ್ಟೇ. ನೀವು ಕೋಟಿ ಕೋಟಿ ಜನ. ಒಬ್ಬಳು ಹೆಚ್ಚಾದರೆ ನಿಮ್ಮ ಲೆಕ್ಕವೇನೂ ಕೆಡದು. ಹೊನ್ನಿಯನ್ನು ನಿಮ್ಮಲ್ಲಿ ಎಣಿಸಿಕೊಳ್ಳಿ. ಮನೆಮಂದಿಯನ್ನು ಊಟಕ್ಕೆ ಕರೆಯುವಾಗ ಅವಳನ್ನೂ ಒಮ್ಮೆ ಕೂಗಿ.

ಒಳಗೆ ಕೂಸು ಅತ್ತಿತು.

ಇನ್ನು ಆ ಹೆಸರನ್ನು ನಾನು ಬರೆಯುವಂತಿಲ್ಲ. ನೀವು ಕೂಗಿ. ಕೂಗಿದ ಕೂಡಲೇ ಉತ್ತರ ಬರದಿದ್ದರೆ ಎದ್ದು ಹೋಗಬೇಡಿ, ಸ್ವಲ್ಪ ಕಾಯಿರಿ. ಅವಳು ಯಾವಾಗಲೂ ತಡ.