ಶೆಡ್ಡಿಗೆಂದು ಅಗೆದ ನೆಲ

ಭಾನುವಾರ, ಹದಿನಾಲ್ಕನೇ ತಾರೀಕು

ನನ್ನ ಪುಟ್ಟಿಗೆ,

ಅಕ್ಕ ಮಾಡುವ ಆಶೀರ್ವಾದ. ಆರು ವರ್ಷದಿಂದ ನನ್ನ ಒಂದು ಕಾಗದಕ್ಕೂ ನೀನು ಉತ್ತರ ಬರೆದಿಲ್ಲ. ಇದನ್ನಾದರೂ ಕೊನೆಯತನಕ ಓದು. ಊಟದ ಹೊತ್ತಿನಲ್ಲಿ ಮಾತ್ರ ಬೇಡ.

ಸೋಫಾ ಅಂಗಡಿಯ ಕೆಲಸ ಬಿಟ್ಟೆ. ಇನ್ನೊಬ್ಬರ ಕೈಕೆಳಗೆ ಹದಿನೈದು ವರ್ಷ ಕುರ್ಚಿಗಳಿಗೆ ಬಟ್ಟೆ ಹೊಲಿದದ್ದು ಸಾಕು, ಹಿತ್ತಲಲ್ಲಿ ನನ್ನದೇ ಒಂದು ಜಾಗ ಇರಲಿ ಎಂದು ನಾವೇ ಜೋಡಿಸಿಕೊಳ್ಳುವ ಉಕ್ಕಿನ ಶೆಡ್ ತರಿಸಿದೆ. ಲಾರಿಯವನು ಕಮಾನುಗಳನ್ನೂ ತಗಡಿನ ಕಟ್ಟುಗಳನ್ನೂ ಒಂದು ಚೀಲ ನಟ್ಟುಬೋಲ್ಟನ್ನೂ ಇಳಿಸಿ ಹೋದ. ಜೊತೆಗೊಂದು ಪುಸ್ತಕ. ಅದರ ಮೊದಲ ಹನ್ನೊಂದು ಪುಟ ಬರೀ ನೆಲದ ವಿಷಯ. ಹುಲ್ಲು, ಬೇರು, ಮೆದುಮಣ್ಣು ಎಲ್ಲ ತೆಗೆಯಬೇಕು, ಜಲ್ಲಿ ಸುರಿದು ದಮ್ಮಸ್ಸು ಮಾಡಬೇಕು, ಆಮೇಲೆ ಕಾಂಕ್ರೀಟು. ನೆಲ ಒಂದು ಬೆರಳು ಓರೆಯಾದರೂ ಬೋಲ್ಟಿನ ತೂತುಗಳು ಒಂದಕ್ಕೊಂದು ಕೂಡುವುದಿಲ್ಲವಂತೆ.

ಗಾರೆ ಮೇಸ್ತ್ರಿ ಮತ್ತು ನಾನು ಗೂಟ ಹೊಡೆದು ದಾರ ಕಟ್ಟಿದೆವು. ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ ಎರಡೂ ಕಡೆ ಒಂದೇ ಅಳತೆ! ಮೇಸ್ತ್ರಿ ಭೇಷ್ ಅಂದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಬುಧವಾರ ಅಣ್ಣನ ಮನೆ ಕಡೆಯ ಮೂಲೆ ಅಗೆದೆವು. ಅಪ್ಪ ಜಾಗ ಭಾಗ ಮಾಡಿ ಎಬ್ಬಿಸಿದ ಆ ಗೋಡೆಯ ಬುಡ ನಿನಗೆ ನೆನಪಿರಬೇಕು. ಗುದ್ದಲಿ ಎರಡು ಏಟಿಗೇ ಹಿಡಿಯತನಕ ಹೂತುಹೋಯಿತು. ಎಳೆದರೆ ಕರ್ರಗೆ, ಲೋಳೆಲೋಳೆಯಾದ ಕೆಸರು. ಆ ನಾತ ಹೇಗೆ ಹೇಳಲಿ? ಬಾಯಿ ಮುಚ್ಚಿಕೊಂಡರೂ ನಾಲಿಗೆಯ ಮೇಲೆ ಬಂದು ಕೂತಿತು. ಮೇಸ್ತ್ರಿ ಇನ್ನೊಂದಿಷ್ಟು ಕೆದಕಿದರು. ಗೋಡೆಯ ಕೆಳಗಿಂದ ಬಂದ ದಪ್ಪ ಪೈಪೊಂದು ನಮ್ಮ ಕಡೆಗೆ ಬಾಯಿ ತೆರೆದುಕೊಂಡಿತ್ತು. ಇದೇನಪ್ಪಾ ಎಂದು ಬಗ್ಗಿ ನೋಡುತ್ತಿದ್ದೆವು, ಅಣ್ಣನ ಮನೆಯ ಕಕ್ಕಸಿನಲ್ಲಿ ಯಾರೋ ನೀರು ಬಿಟ್ಟ ಸದ್ದು ಕೇಳಿಸಿತು. ಎಣಿಸಿ ನಾಲ್ಕು ಉಸಿರು. ಅಷ್ಟರಲ್ಲಿ ಎಲ್ಲ ನಮ್ಮ ಕಾಲಬುಡಕ್ಕೇ ಬಂತು. ನಾನು ಅಲ್ಲೇ ವಾಂತಿ ಮಾಡಿಕೊಂಡೆ.

ಸದ್ದಿಗೆ ಅಣ್ಣ ಹೊರಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಮೂಗಿಗೆ ಕರ್ಚೀಫು. ಗೋಡೆಯಾಚೆಯಿಂದಲೇ, "ಥೂ, ನಿನ್ನ ಕಡೆ ಏನು ಸತ್ತಿದೆಯೇ?" ಅಂದ. ನಾನು ಪೈಪು ತೋರಿಸಿದೆ. ಒಂದು ಕ್ಷಣ ತಲೆ ಕೆರೆದುಕೊಂಡು, ಅವನ ಗುಂಡಿ ತುಂಬಿದ್ದರಿಂದ ಸದ್ಯಕ್ಕೆ ಅಂತ ಹಾಕಿಸಿದ್ದು ಅಂದ. ಯಾವಾಗ ಎಂದು ಕೇಳಿದೆ. "ಅದೆಲ್ಲ ಹಳೇದು ಬಿಡೇ, ಅಮ್ಮ ಇದ್ದಾಗಲೇ ಹಾಕ್ಸಿದ್ದು" ಅಂದುಬಿಟ್ಟ. ಹೇಳಿದ ಮೇಲೂ ಅವನ ಮುಖದಲ್ಲಿ ಏನೂ ಆಗಲಿಲ್ಲ, ಪುಟ್ಟೀ. "ಹೇಗೂ ಕಾಂಕ್ರೀಟ್ ಹಾಕ್ತೀಯಲ್ಲ, ಪೈಪನ್ನ ಒಂಚೂರು ಆಚೆ ತಿರುಗಿಸ್ಬಿಡು. ನಿನ್ನ ಶೆಡ್ಡಿಗೂ ತೊಂದರೆ ಆಗಲ್ಲ."

ಅವನು ಒಳಗೆ ಹೋದ ಮೇಲೆ ಟೇಪು ತೆಗೆದುಕೊಂಡು ಆ ಪೈಪಿನ ಬಾಯಿಂದ ನಮ್ಮ ಬಾವಿಯ ಕಟ್ಟೆಗೆ ಅಳೆದೆ. ಹನ್ನೆರಡು ಅಡಿ.

ಆರು ವರ್ಷದ ಹಿಂದೆ ಅಮ್ಮನಿಗೆ ಭೇದಿ ಹತ್ತಿ, ಜ್ವರ ತಲೆಗೇರಿ, ಒಂಬತ್ತನೆಯ ದಿನ ಹೋದಳಲ್ಲ, ಆವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಅಣ್ಣ ಎಲ್ಲರೆದುರು ನನ್ನ ಅಡುಗೆಮನೆಯ ಕೊಳಕೇ ಅಮ್ಮನನ್ನು ತಿಂದಿತು ಅಂದಿದ್ದ. ನೀನು ನಂಬಿದೆ. ನಾನೂ ನಂಬಿದೆ ಕಣೇ! ಅಮ್ಮ ಹೋದ ಮೇಲೂ ತಿಂಗಳುಗಟ್ಟಲೆ ಒಂದೊಂದು ಪಾತ್ರೆಯನ್ನು ಮೂರು ಮೂರು ಸಲ ಉಜ್ಜುತ್ತಿದ್ದೆ. ಅಷ್ಟು ದಿನವೂ ಅವನ ಮನೆಯವರ ಹೊಲಸು ನಾವು ಸೇದುವ ನೀರಿಗೆ ಇಳಿಯುತ್ತಿತ್ತು.

ಮೇಸ್ತ್ರಿಗೆ ಹೇಳಿ ಪೈಪನ್ನು ಗೋಡೆಯ ಸಮಕ್ಕೆ ಕೊಯ್ಯಿಸಿ, ಬಾಯಿಗೆ ಕಾಂಕ್ರೀಟು ತುಂಬಿಸಿದೆ. ಕೆಸರನ್ನು ಎರಡು ಟ್ರ್ಯಾಕ್ಟರ್ ತುಂಬ ಹೊರಗೆ ಸಾಗಿಸಿ, ಸುಣ್ಣ ಸುರಿಸಿ, ಹೊಸ ಮಣ್ಣು ತುಂಬಿಸಿದೆ. ಬಾವಿಗೆ ಚಪ್ಪಡಿ ಮುಚ್ಚಿಸಿದೆ. ಶುಕ್ರವಾರ ಬೆಳಿಗ್ಗೆ ಅಣ್ಣನ ಬಚ್ಚಲು ತುಂಬಿ ನಡುಮನೆಗೆ ಹರಿಯಿತು. ಅವನು ಪಂಚೆ ಎತ್ತಿ ಕಟ್ಟಿ ಗೇಟಿನಲ್ಲಿ ಕೂಗಾಡಿದ, ಅಣ್ಣ-ತಂಗಿಯ ಸಂಬಂಧ ಇಲ್ಲಿಗೆ ಮುಗಿಯಿತು ಅಂದ. ಅವನದೇ ವಾಸನೆ ಅವನ ಮೈಗೆ ಅಂಟಿತ್ತು. ನಾನು ಜಲ್ಲಿ ಹರಡುತ್ತಿದ್ದೆ, ತಲೆ ಎತ್ತಲಿಲ್ಲ. ನಿನ್ನೆ ಕಾಂಕ್ರೀಟು ಬಿತ್ತು. ನೆಲ ಮಟ್ಟವಾಗಿದೆ.

ಖುಷಿಯಾಗಬೇಕಿತ್ತು. ಆಗಿಲ್ಲ. ಸೋಪು ಹಾಕಿ ಎಷ್ಟು ಸಲ ಕೈ ತೊಳೆದರೂ ಉಗುರಿನ ಸಂದಿಯಲ್ಲಿ ಅದೇ ನಾತ. ಒಮ್ಮೆ ಬಾ. ಬಂದು ನಿನ್ನ ಕಣ್ಣಾರೆ ನೋಡು.

ಇಂತಿ,
ನಿನ್ನ ಅಕ್ಕ

ಮರೆತದ್ದು: ಮರೆತದ್ದಲ್ಲ, ಬರೆಯದೆ ಕವರು ಅಂಟಿಸಿದ್ದೆ, ಈಗ ಹರಿದು ಬರೆಯುತ್ತಿದ್ದೇನೆ. ಆ ವರ್ಷ ಬಾವಿಯ ನೀರು ವಾಸನೆ ಹೊಡೆಯುತ್ತಿದ್ದದ್ದು ನನಗೆ ಗೊತ್ತಿತ್ತು. ಅಣ್ಣನನ್ನು ಕೇಳಿದರೆ ರಂಪವಾಗುತ್ತದೆ ಎಂದು ಸುಮ್ಮನಿದ್ದೆ. ನನಗೆ ಮಾತ್ರ ಅಂಗಡಿಯಿಂದ ಬಾಟಲಿಯಲ್ಲಿ ನೀರು ತುಂಬಿಸಿ ತರುತ್ತಿದ್ದೆ. ಅಮ್ಮ ಒಂದು ದಿನ, ನಿನ್ನ ಬಾಟಲಿಯಿಂದ ಒಂದು ಗುಟುಕು ಕೊಡೇ ಅಂದಳು. ಅದು ತಣ್ಣಗಿದೆ, ನಿನಗೆ ಕೆಮ್ಮು ಬರುತ್ತೆ ಅಂದೆ.