ನುಕುಅಲೋಫಾಕ್ಕೆ ಏಳು ಸಾವಿರ ಕಿಲೋಮೀಟರ್

ಕೆಲೆಪಿ,

ನೀನು ಕೆಲಸದಿಂದ ಬರುವವರೆಗೆ ಕಾಯಲಾಗಲಿಲ್ಲ, ಸಂಜೆಯ ವಿಮಾನಕ್ಕೇ ಸೀಟು ಸಿಕ್ಕಿತು. ಕೆಸುವಿನೆಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ಲೂ ಓವನ್‌ನಲ್ಲಿದೆ, ಬಿಸಿ ಮಾಡಿಕೊಂಡು ತಿನ್ನು.

ಅಮ್ಮನ ಕರುಳಿನ ಆಪರೇಷನ್ ನಾಳೆ ಮಧ್ಯಾಹ್ನ ಹನ್ನೆರಡಕ್ಕೆ. ತಡವಾದರೆ ಉಳಿಯುವುದಿಲ್ಲ ಎಂದಿದ್ದಾರೆ ಡಾಕ್ಟರು. ಅವಳು ಮಾತ್ರ, "ಲೋಸಾ ಬಂದು ಮುಖ ತೋರಿಸ್ಲಿ, ಆಮೇಲೆ ಕೊಯ್ಕೊಳ್ಳಿ" ಅಂತ ಹಟ ಹಿಡಿದಿದ್ದಾಳಂತೆ.

ಪರ್ತ್‌ನಿಂದ ಆಕ್ಲೆಂಡಿಗೆ ಏಳು ಗಂಟೆ. ಅಲ್ಲಿ ಮಧ್ಯಾಹ್ನದವರೆಗೆ ಕಾಯಬೇಕು. ಅಲ್ಲಿಂದ ನಮ್ಮೂರು ನುಕುಅಲೋಫಾಕ್ಕೆ ಮತ್ತೆ ಮೂರು ಗಂಟೆ. ಹೇಗೆ ಲೆಕ್ಕ ಹಾಕಿದರೂ ಸಂಜೆ ಐದಕ್ಕೆ ಮುಂಚೆ ನಾನು ಮುಟ್ಟುವುದಿಲ್ಲ.

ಅಲ್ಲಿಯ ಗಡಿಯಾರ ನಮಗಿಂತ ಐದು ಗಂಟೆ ಮುಂದೆ, ಮರೆಯಬೇಡ. ನಾಳೆ ಬೆಳಿಗ್ಗೆ ಇಲ್ಲಿಯ ಆರಕ್ಕೇ, ಅಂದರೆ ಅಲ್ಲಿಯ ಹನ್ನೊಂದಕ್ಕೆ, ನನ್ನ ತಮ್ಮ ಮಾಕನಿಗೆ ಫೋನ್ ಮಾಡಿ ಅಮ್ಮನ ಕೈಗೆ ಕೊಡಿಸು. ನನ್ನ ವಿಮಾನ ಇಳಿಯಿತು, ಆಸ್ಪತ್ರೆಯ ದಾರಿಯಲ್ಲಿದ್ದೇನೆ ಎಂದು ಹೇಳಿ ಆಪರೇಷನ್‌ಗೆ ಒಪ್ಪಿಸು.

ನಾನೇ ಹೇಳಿದರೆ ನಂಬುವುದಿಲ್ಲ, "ಬಾಗ್ಲಲ್ಲಿ ನಿಂತು ಮಾತಾಡೇ" ಅಂತಾಳೆ. ಅಳಿಯನಾದ ಈ ಇಪ್ಪತ್ತು ವರ್ಷದಲ್ಲಿ ನೀನು ಅವಳಿಗೆ ಒಂದೂ ಸುಳ್ಳು ಹೇಳಿಲ್ಲ. ಚರ್ಚಿನಲ್ಲಿ ಬೋಧಿಸುವವನು, ನಿನಗೆ ಕಷ್ಟ ಎಂದು ಗೊತ್ತು. ಆದರೂ ಧ್ವನಿ ನಡುಗದಂತೆ ಹೇಳು.

ಎಚ್ಚರವಾದ ಮೇಲೆ ಇಬ್ಬರನ್ನೂ ಬೈಯುತ್ತಾಳೆ. ಬೈಯುವುದಕ್ಕಾದರೂ ಎಚ್ಚರವಾಗಲಿ.

ಲೋಸಾ