ದೊಡ್ಡ ಕಾರಿನ ಕಾಲು

ಬುಧವಾರ, ಮಧ್ಯಾಹ್ನ

ಪ್ರೀತಿಯ ಅಮ್ಮ,

ನಿನ್ನ ಮಗಳ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ಫೋನ್ ಮಾಡಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಗ್ರೀಸ್ ಕೈಯಲ್ಲಿ ಹಾಳಾಗುತ್ತದೆಂದು ನನ್ನ ಫೋನನ್ನು ಇವರೇ ಇಟ್ಟುಕೊಂಡಿದ್ದಾರೆ. ಕಾಗದ ಬರೆದರೆ ಅಕ್ಷರವಾದರೂ ದುಂಡಗಾಗುತ್ತದೆ ಎನ್ನುತ್ತಾರೆ.

ನೀನು ನನಗೆ ಕೊಟ್ಟ ಹಳೆಯ ಪುಟ್ಟ ಕಾರು ಮತ್ತೆ ಓಡಿತು! ನಾನು ಮದುವೆಯಾಗಿ ಬಂದ ವರ್ಷವೇ ಅದರ ಮುಂದಿನ ಶಾಕ್‌ಅಬ್ಸಾರ್ಬರ್‌ಗಳು ಎಣ್ಣೆ ಕಕ್ಕಿ ಕೂತವಲ್ಲ, ಅಂದಿನಿಂದ ಇವರ ಗ್ಯಾರೇಜಿನ ಹಿಂಗೋಡೆಗೆ ಮುಖ ಮಾಡಿ ನಿಂತಿತ್ತು. ಊರವರ ಕಾರುಗಳೆಲ್ಲ ಇವರ ಕೈಯಲ್ಲಿ ರಿಪೇರಿಯಾಗಿ ಹೊರಟವು. ಇದರ ಸರದಿ ಮಾತ್ರ ಬರಲಿಲ್ಲ. ಕೇಳಿದಾಗಲೆಲ್ಲ, "ಅದರ ಪಾರ್ಟ್ಸ್ ಎಲ್ಲೂ ಸಿಗಲ್ಲ ಕಣೇ. ಅಷ್ಟಕ್ಕೂ ನಿನಗೆ ಹೋಗೋಕೆ ಎಲ್ಲಿದೆ?" ಎಂದು ನಗುತ್ತಿದ್ದರು.

ಕೊನೆಗೆ ನಾನೇ ಗುಜರಿಗೆ ಬಂದಿದ್ದ ದೊಡ್ಡ ಕಾರೊಂದರ ಶಾಕ್‌ಅಬ್ಸಾರ್ಬರ್‌ಗಳನ್ನು ಬಿಚ್ಚಿ, ಅಳೆದು ನೋಡಿದೆ. ಉದ್ದ ಹೆಚ್ಚುಕಡಿಮೆ ಸರಿಹೋಗುತ್ತಿತ್ತು. ಮೇಲಿನ ಬೋಲ್ಟುಗಳು ಮಾತ್ರ ನಮ್ಮ ತೂತಿಗೆ ಕೂರಲೊಲ್ಲವು. ಲೇತ್ ಅಂಗಡಿಯವರಿಂದ ಆ ತೂತಿಗೆ ಹೊಂದುವ ಬೇರೆ ಪ್ಲೇಟು ಮಾಡಿಸಿದೆ. ಮೊದಲ ಸಲ ದೊಡ್ಡ ಕಾರಿನ ಸ್ಪ್ರಿಂಗನ್ನೇ ಹಾಕಿಬಿಟ್ಟೆ. ಕಾರು ಯಾರ ಮೇಲೋ ಮುನಿಸಿಕೊಂಡವರ ಹಾಗೆ ಮೂತಿ ಎತ್ತಿ ನಿಂತಿತು. ಸಣ್ಣ ಕಲ್ಲು ಸಿಕ್ಕರೂ ಹಲ್ಲು ಕಟಕಟ. ಆ ಸ್ಪ್ರಿಂಗ್ ಬಗ್ಗಬೇಕಾದರೆ ಭಾರ ಬೇಕು, ಇದಕ್ಕೆ ಅಷ್ಟು ಮೈಯೆಲ್ಲಿ? ಮತ್ತೆ ಬಿಚ್ಚಿ, ಹಳೆಯ ಸ್ಪ್ರಿಂಗೇ ಕೂರುವಂತೆ ಕಬ್ಬಿಣದ ಬಳೆಯೊಂದನ್ನು ಬೆಸೆಸಿ ಜೋಡಿಸಿದೆ. ಆಮೇಲೆ ನೋಡು ಅಮ್ಮ, ಗುಂಡಿಗೆ ಇಳಿದರೂ ತೊಟ್ಟಿಲಲ್ಲಿ ಕೂತ ಹಾಗೆ!

ಬೀದಿಯ ಕೊನೆಯವರೆಗೆ ಓಡಿಸಿದೆ. ಮುಖ್ಯರಸ್ತೆ ಕಾಣುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಇವರು, "ಸಾಕು, ತಿರುಗಿಸು" ಎಂದರು. ತಿರುಗಿಸಿದೆ.

ಇವರಿಗೆ ಹೆಮ್ಮೆಯೋ ಹೆಮ್ಮೆ. ಸಿಕ್ಕವರಿಗೆಲ್ಲ ಹೇಳಿದ್ದೇ ಹೇಳಿದ್ದು. ಅಂಥ ಕಾರನ್ನು ಮೂಲೆಗೆ ತಳ್ಳಿದ್ದವರೆಲ್ಲ ಈಗ ಹುಡುಕಿಕೊಂಡು ಬರುತ್ತಿದ್ದಾರೆ. ಬಂದ ಕಾರುಗಳು ನನ್ನದರ ಹಿಂದೆ ಸಾಲುಗಟ್ಟಿವೆ. ಒಂದು ಹೋದರೆ ಎರಡು ಬರುತ್ತವೆ. ನನ್ನದನ್ನು ಹೊರಗೆ ತೆಗೆಯಲು ದಾರಿಯಿಲ್ಲ. ತೆಗೆದು ಮಾಡುವುದೇನಿದೆ ಎನ್ನುತ್ತಾರೆ ಅತ್ತೆ. ಶಟರ್ ಎತ್ತಿದರೆ ಕಾರಿನಡಿ, ಇಳಿಸಿದರೆ ಮಹಡಿಯ ಅಡುಗೆಮನೆ. ಗೇಟಿನ ಬೀಗದ ಕೈ ಅತ್ತೆಯ ಬಳಿಯೇ ಇರುತ್ತದೆ, ಕಳ್ಳರ ಕಾಟವಂತೆ.

ಹೀಗಾಗಿ ಈ ವರ್ಷವೂ ನಿನ್ನನ್ನು ನೋಡಲು ಬರಲಾಗುವುದಿಲ್ಲ. ನೀನೂ ಅಷ್ಟು ದೂರ ಬಂದು ಆಯಾಸ ಮಾಡಿಕೊಳ್ಳಬಾರದೆಂದು ಇವರು ಹೇಳಿದ್ದಾರೆ. ನಾನು ಸುಖವಾಗಿದ್ದೇನೆ.

ಇಂತಿ,
ನಿನ್ನ ಪುಟ್ಟಿ

ತಾ.ಕ.: ಅಮ್ಮ, ಇಲ್ಲಿಯವರೆಗಿನದನ್ನು ಇವರು ಓದಿ, ಲಕೋಟೆ ಅಂಟಿಸಲು ನನ್ನ ಕೈಗೆ ಕೊಟ್ಟರು. ಇದನ್ನು ಟೈರುಗಳ ಮರೆಯಲ್ಲಿ ನಿಂತು ಬರೆಯುತ್ತಿದ್ದೇನೆ. ಈಗ ಕೈಯಲ್ಲಿರುವ ಕಾರು ಒಬ್ಬ ನರ್ಸಮ್ಮನದು. ಮುಂದಿನ ಶನಿವಾರ ಅದನ್ನು ಒಯ್ಯಲು ಬರುತ್ತಾರೆ. ಇವರು ಅಂದು ಗುಜರಿ ಹರಾಜಿಗೆ ಹೋಗಿರುತ್ತಾರೆ, ಓಡಿಸಿ ತೋರಿಸಬೇಕಾದವಳು ನಾನೇ. ಗಿರಾಕಿಯ ಕಾರೆಂದರೆ ಅತ್ತೆ ಗೇಟು ತೆಗೆದೇ ತೆಗೆಯುತ್ತಾರೆ. ನರ್ಸಮ್ಮನಿಗೆ ಎಲ್ಲ ಹೇಳಿದ್ದೇನೆ. "ಪಕ್ಕದಲ್ಲಿ ನಾನಿರ್ತೀನಿ, ನಿಮ್ಮಮ್ಮನ ಮನೆ ತನಕ ಓಡಿಸು" ಎಂದಿದ್ದಾರೆ. ಹಿಂದೊಮ್ಮೆ ನಾನು ಬಂದಾಗ, ಹೊಂದಿಕೊಂಡು ಹೋಗು ಎಂದು ನೀನು ವಾಪಸು ಕಳಿಸಿದ್ದೆ. ಈ ಸಲ ಏನೂ ಹೇಳಬೇಡ. ಬಾಗಿಲು ತೆಗೆ, ಸಾಕು.